ಮೈಗೂ ಒಂದು ಹೊಳವು

ಜುಲೈ ತಿಂಗಳಲ್ಲಿ ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಕಡೆಯ ಯಾವುದೇ ಅಡಿಕೆ ಬೆಳೆಗಾರರ ಮನೆಗೆ ಹೋಗಿ. ಮಾತಾಡುತ್ತ ಕೂತವರ ಕಣ್ಣು ಮಧ್ಯೆ ಮಧ್ಯೆ ಅಂಗಳದ ಕಡೆ ಹೊರಳುತ್ತಿರುತ್ತದೆ. ಮಳೆ ಹೊಳವಾಯಿತೇ ಅಂತ. ಕೊಳೆರೋಗಕ್ಕೆ ಮೊದಲ ಔಷಧಿ ಮಳೆಗಾಲಕ್ಕೆ ಮುಂಚೆಯೇ ಹೊಡೆದಾಗಿದೆ. ಎರಡನೆಯದು 40-45 ದಿನಕ್ಕೆ ಬೀಳಬೇಕು, ಅದು ಸರಿಯಾಗಿ ಜಡಿಮಳೆಯ ನಡುವೆ ಬರುತ್ತದೆ. ಮೈಲುತುತ್ತ ತಂದಿಟ್ಟಿದೆ, ಸುಣ್ಣ ಇದೆ, ಮರ ಹತ್ತುವವನೂ ಹೇಗೋ ಸಿಕ್ಕಿದ್ದಾನೆ. ಅರ್ಧ ದಿನದ ಹೊಳವು ಮಾತ್ರ ಸಿಗುತ್ತಿಲ್ಲ. ಅತ್ತ ಕೊಳೆಯ ಬೀಜಕಣಗಳು ಮಳೆಹನಿಯ ಜೊತೆ ಗೊನೆಯಿಂದ ಗೊನೆಗೆ ಸಿಡಿಯುತ್ತಿವೆ.

ಆ ಹೊತ್ತಿನಲ್ಲಿ ಯಜಮಾನರ ಮೈಯೊಳಗೆ ಏನಾಗುತ್ತಿರುತ್ತದೆ? ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಒಂದು ರಾಸಾಯನಿಕ ಸಂದೇಶವನ್ನು ಪಕ್ಕದ ಪಿಟ್ಯುಟರಿ ಗ್ರಂಥಿಗೆ ದಾಟಿಸುತ್ತದೆ. ಅದು ಮೂತ್ರಪಿಂಡದ ತಲೆಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ. ಅಲ್ಲಿಂದ ಕಾರ್ಟಿಸಾಲ್ ರಕ್ತಕ್ಕೆ ಇಳಿಯುತ್ತದೆ. ಇದಕ್ಕೂ ಮೊದಲೇ, ಕೆಲವೇ ಸೆಕೆಂಡುಗಳಲ್ಲಿ, ಅಡ್ರಿನಲಿನ್ ಎದೆಬಡಿತ ಏರಿಸಿಯಾಗಿರುತ್ತದೆ. ಸಕ್ಕರೆ ರಕ್ತಕ್ಕೆ ಬರುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಎದುರಿಗೆ ಹುಲಿ ಬಂದಿದ್ದರೆ ಇದೆಲ್ಲ ಬಹಳ ಉಪಯೋಗಕ್ಕೆ ಬರುತ್ತಿತ್ತು. ಓಡಿದ್ದರೆ ಅಥವಾ ಹೊಡೆದಾಡಿದ್ದರೆ ಹತ್ತು ನಿಮಿಷದಲ್ಲಿ ವಿಷಯ ಮುಗಿಯುತ್ತಿತ್ತು. ಮಳೆಯ ಜೊತೆ ಹೊಡೆದಾಡುವುದು ಹೇಗೆ?

ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳನ್ನು ಚಳಿಗೆ, ದಣಿವಿಗೆ, ನಂಜಿಗೆ ಒಡ್ಡಿ ನೋಡಿದ. ಪೀಡೆ ಯಾವುದೇ ಇರಲಿ, ಮೈ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ ಎಂದು ‘ನೇಚರ್’ ಪತ್ರಿಕೆಗೆ ಪುಟ್ಟ ಟಿಪ್ಪಣಿ ಬರೆದ. ಒತ್ತಡದ ವಿಜ್ಞಾನ ಶುರುವಾದದ್ದು ಅಲ್ಲಿಂದ. ನಮಗೆ ಹೆಚ್ಚು ಬೇಕಾದ ಮಾತು ಬಂದದ್ದು 1993ರಲ್ಲಿ. ಬ್ರೂಸ್ ಮೆಕ್‌ಯುವನ್ ಮತ್ತು ಎಲಿಯಟ್ ಸ್ಟೆಲ್ಲರ್ ಹೇಳಿದ್ದು ಇಷ್ಟು: ಒತ್ತಡ ಏರುವುದು ಕಾಯಿಲೆಯಲ್ಲ, ಅದು ಮೈಯ ಜಾಣತನ. ಏರಿದ್ದು ಇಳಿಯದೆ ನಿಂತರೆ, ಅಥವಾ ಮೇಲಿಂದ ಮೇಲೆ ಏರುತ್ತಲೇ ಇದ್ದರೆ ರಕ್ತನಾಳ, ಹೃದಯ, ನಿದ್ದೆ, ನೆನಪು ಎಲ್ಲದರ ಮೇಲೂ ಸವೆತ ಕೂಡಿಬೀಳುತ್ತದೆ.

ಹಾಗಾಗಿ ‘ಒತ್ತಡ ಬಾರದಂತೆ ಏನು ಮಾಡಬೇಕು’ ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ತೋಟ ಮಾಡಿಕೊಂಡಿರುವವರಿಗೆ ಅದು ಬರದೆ ಇರುವುದಿಲ್ಲ. ಕೊಳೆ ಹೋದರೆ ಎಲೆಚುಕ್ಕೆ, ಅದು ಹೋದರೆ ರೇಟು, ರೇಟು ಬಂದರೆ ಮಂಗ. ಕೇಳಬೇಕಾದದ್ದು, ದಿನದಲ್ಲಿ ಎಷ್ಟು ಸಲ ಅದು ಇಳಿಯಿತು ಎಂದು. ಈ ಮೂರು ತಾಲ್ಲೂಕುಗಳ ಹಳೆಯ ದಿನಚರಿಯನ್ನು ಈ ಲೆಕ್ಕದಲ್ಲಿ ನೋಡಿದರೆ ಅಲ್ಲಿ ಹಲವು ಹೊಳವುಗಳು ಕಾಣುತ್ತವೆ. ಯಾರೂ ಅವನ್ನು ಒತ್ತಡ ನಿವಾರಣೆಗೆಂದು ಮಾಡುತ್ತಿರಲಿಲ್ಲ. ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ಒಂದು ಮಾತ್ರ ಹೊಳವಿನ ವೇಷ ಹಾಕಿಕೊಂಡ ಮೋಡ.

ಮೊದಲು ಬಚ್ಚಲಿನಿಂದ ಶುರುಮಾಡೋಣ. ಮಲೆನಾಡಿನಲ್ಲಿ ಬಚ್ಚಲ ಒಲೆ ಮಳೆಗಾಲವಿಡೀ ಆರುವುದಿಲ್ಲ. ಅಡಿಕೆ ಸಿಪ್ಪೆ, ಒಣ ಹಾಳೆ, ನಿಧಾನ ಉರಿಯುವ ಒಂದು ಕುಂಟೆ. ಮೇಲೆ ತಾಮ್ರದ ಹಂಡೆ. ಸಂಜೆ ತೋಟದಿಂದ ಬಂದವರು ಕಂಬಳಿ ಕೊಪ್ಪೆ ತೆಗೆದು ಮೊಳೆಗೆ ಸಿಕ್ಕಿಸಿ, ಹಿಮ್ಮಡಿಗೆ ಹತ್ತಿದ ಉಂಬಳಕ್ಕೆ ಸುಣ್ಣ ತಾಗಿಸಿ ಬೀಳಿಸಿ, ನೇರ ಬಚ್ಚಲಿಗೆ. ತಂಬಿಗೆ ತಂಬಿಗೆ ಬಿಸಿನೀರು ಬೆನ್ನಿಗೆ ಬೀಳುತ್ತಿದ್ದಂತೆ ಬಾಯಿಂದ ಒಂದು ‘ಹಾ’ ತಾನಾಗಿ ಹೊರಡುತ್ತದೆ.

ಇಲ್ಲಿ ನಡೆಯುವುದು ಸ್ವಲ್ಪ ವಿಚಿತ್ರ. ನಿದ್ದೆ ಬರಬೇಕಾದರೆ ಮೈಯ ಒಳಗಿನ ಉಷ್ಣತೆ ಇಳಿಯಬೇಕು. ಬಿಸಿನೀರು ಅದನ್ನು ಇಳಿಸುತ್ತದೆ! ಬಿಸಿ ತಾಗಿದಾಗ ಅಂಗೈ, ಅಂಗಾಲು, ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಶಾಖ ರಕ್ತದ ಜೊತೆ ಹೊರಗೆ ಬಂದು ಗಾಳಿಗೆ ಹೋಗುತ್ತದೆ. ಸ್ನಾನ ಮುಗಿದ ಮೇಲೆ ಮೈ ಒಳಗಿನಿಂದ ತಣ್ಣಗಾಗತೊಡಗುತ್ತದೆ, ಮಿದುಳು ಅದನ್ನು ರಾತ್ರಿಯ ಸೂಚನೆ ಎಂದು ಓದುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದ ತಂಡವೊಂದು 2019ರಲ್ಲಿ ಈ ಬಗೆಗಿನ ಹಳೆಯ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ನೋಡಿತು. 40ರಿಂದ 42.5 ಡಿಗ್ರಿ ಸೆಲ್ಸಿಯಸ್‌ನ ನೀರು, ಮಲಗುವ 1-2 ಗಂಟೆ ಮೊದಲು, 10 ನಿಮಿಷದ ಸ್ನಾನವಾದರೂ ಸಾಕು. ನಿದ್ದೆ ಸರಾಸರಿ 10 ನಿಮಿಷ ಬೇಗ ಹತ್ತುತ್ತದೆ ಎಂದು ಕಂಡಿತು. ಗಮನಿಸಿ, 40 ಡಿಗ್ರಿ ಎಂದರೆ ಕೈಗೆ ಹಿತವಾದ ಬಿಸಿ. ಮಲೆನಾಡಿನವರು ನೆಂಟರ ಬೆನ್ನಿಗೆ ಎರೆದು ಹೆಮ್ಮೆಪಡುವ ಚರ್ಮ ಕೆಂಪಾಗಿಸುವ ನೀರು ಅಲ್ಲ. ರಕ್ತದೊತ್ತಡದ ಮಾತ್ರೆ ತಿನ್ನುವವರು, ಹೃದಯದ ತೊಂದರೆ ಇರುವವರು ಅಷ್ಟು ಬಿಸಿಗೆ ಹೋಗದಿರುವುದೇ ಒಳ್ಳೆಯದು. ಬಚ್ಚಲಲ್ಲಿ ಕೂತಿದ್ದವರು ದಡಕ್ಕನೆ ಏಳಲೂಬಾರದು.

ಗೀಸರ್ ಬಂದ ಮೇಲೆ ಸ್ನಾನ ಬೆಳಗಿನ ಗಡಿಬಿಡಿಗೆ ಸೇರಿತು. ಪೇಟೆಯ ಆಫೀಸಿಗೆ ಹೋಗುವವರಿಗೆ ಅದು ಅನಿವಾರ್ಯ ಇರಬಹುದು. ಆದರೆ ಸಂಜೆಯ ಸ್ನಾನ ಬಿಟ್ಟವರು ಕಳೆದುಕೊಂಡದ್ದು ಬರೀ ಬಿಸಿನೀರನ್ನಲ್ಲ. ‘ಇಲ್ಲಿಗೆ ಕೆಲಸ ಮುಗಿಯಿತು’ ಎಂದು ಮೈಗೆ ಹೇಳುವ ಗಡಿಯನ್ನು. ಪೂರ್ತಿ ಸ್ನಾನ ಆಗದಿದ್ದರೆ ಬಿಸಿನೀರಲ್ಲಿ ಕಾಲು ಇಟ್ಟುಕೊಂಡು ಕೂರುವುದೂ ಅದೇ ದಾರಿಯಲ್ಲಿ ಕೆಲಸ ಮಾಡುತ್ತದೆ, ಶಾಖ ಹೊರಗೆ ಹೋಗುವ ಮುಖ್ಯ ಕಿಟಕಿಗಳಲ್ಲಿ ಅಂಗಾಲೂ ಒಂದು.

ಸ್ನಾನವಾದ ಮೇಲೆ ‘ಆಸ್ರಿಗೆ ಎಂಥ ಮಾಡ್ಲಿ?’ ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೆ ಕಾಫಿ ಎನ್ನದೆ ಕಷಾಯ ಎನ್ನಿ. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿಮಾಡಿದ ಆ ಕಷಾಯಕ್ಕೆ ನಾನು ಯಾವ ಔಷಧ ಗುಣವನ್ನೂ ಹೊರಿಸುತ್ತಿಲ್ಲ. ಅದರಲ್ಲಿ ಕೆಫೀನ್ ಇಲ್ಲ, ಅಷ್ಟೇ ಅದರ ಹೆಚ್ಚುಗಾರಿಕೆ. ಕೆಫೀನ್ ಅರ್ಧಕ್ಕೆ ಇಳಿಯಲು ಹೆಚ್ಚಿನವರಲ್ಲಿ ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿ ರಾತ್ರಿ 11ಕ್ಕೆ ಇನ್ನೂ ಅರ್ಧ ಎಚ್ಚರವಾಗಿರುತ್ತದೆ.

ಇನ್ನು ಕವಳ. ಸಾಗರದ ಅಡಿಕೆ ಮಂಡಿಯ ಹತ್ತಿರ ಕೂತು ಇದನ್ನು ಬರೆದರೆ ಬೈಸಿಕೊಳ್ಳುವುದು ಖಂಡಿತ. ಆದರೂ ಬರೆಯದೆ ಈ ಅಧ್ಯಾಯ ಮುಂದೆ ಹೋಗುವುದಿಲ್ಲ. ಈ ಸೀಮೆಯಲ್ಲಿ ಮನಸ್ಸು ಕದಡಿದಾಗ ಕೈ ಮೊದಲು ಹೋಗುವುದು ಕವಳದ ತಬಕಿಗೆ. ಎಲೆಯ ಬೆನ್ನು ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಿಸಿ ಬಾಯಿಗೆ ಇಟ್ಟರೆ ಕೆಲವೇ ನಿಮಿಷದಲ್ಲಿ ಕಿವಿ ಬಿಸಿಯಾಗುತ್ತದೆ, ಹಣೆ ಬೆವರುತ್ತದೆ, ತಲೆ ಚುರುಕಾದಂತೆ ಅನಿಸುತ್ತದೆ. ಇದು ಬರೀ ಭ್ರಮೆಯಲ್ಲ. ಅಡಿಕೆಯ ಅರೆಕೋಲಿನ್ ಎಂಬ ಕ್ಷಾರವಸ್ತು ನರಗಳ ಗ್ರಾಹಕಗಳ ಮೇಲೆ ನೇರ ಕೂರುತ್ತದೆ. ಸುಣ್ಣ ಅದರ ಒಂದು ಪಾಲನ್ನು ಅರೆಕೈಡಿನ್ ಆಗಿ ಬದಲಿಸುತ್ತದೆ. ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ವಸ್ತುವನ್ನು ನರಕೋಶಗಳು ಹಿಂದಕ್ಕೆ ಹೀರಿಕೊಳ್ಳುವುದನ್ನು ಇದು ತಡೆಯಬಲ್ಲದೆಂದು ಪ್ರಯೋಗಾಲಯದಲ್ಲಿ ಗೊತ್ತಾಗಿದೆ. ಅಂದರೆ ಚುರುಕು, ಸಮಾಧಾನ ಎರಡಕ್ಕೂ ಬೇಕಾದ ಸಾಮಗ್ರಿ ಆ ಮಡಿಕೆಯಲ್ಲಿದೆ.

ತೊಂದರೆ ಇರುವುದೂ ಅಲ್ಲೇ. ಫ್ಲೋರಿಡಾ ವಿಶ್ವವಿದ್ಯಾಲಯದ ರೋಜರ್ ಪ್ಯಾಪ್ಕಿ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದಂತೆ, ನಿಕೋಟಿನ್ ಚಟ ಹಿಡಿಸಲು ಬಳಸುವ ಗ್ರಾಹಕಗಳಲ್ಲಿ ಕೆಲವನ್ನು ಅರೆಕೋಲಿನ್ ಕೂಡ ತಟ್ಟುತ್ತದೆ. ಹೊಗೆಸೊಪ್ಪು ಹಾಕದ ಕವಳವನ್ನೂ ಬಿಡುವುದು ಯಾಕಿಷ್ಟು ಕಷ್ಟ ಎಂಬುದಕ್ಕೆ ಇದೊಂದು ವಿವರಣೆ. ಕವಳ ಬಿದ್ದಾಗ ಹಗುರಾಗುವ ಒತ್ತಡದಲ್ಲಿ ಒಂದು ಪಾಲು, ಹಿಂದಿನ ಕವಳದ ಪ್ರಭಾವ ಇಳಿದದ್ದರಿಂದಲೇ ಹುಟ್ಟಿದ್ದು. ಸಾಲ ತೀರಿಸಲು ಸಾಲ. ಮೇಲಿಂದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಹೊಗೆಸೊಪ್ಪಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸ್ಥಿತಿಯನ್ನು ಹಲ್ಲಿನ ಡಾಕ್ಟರುಗಳು ದಿನಾ ನೋಡುತ್ತಾರೆ. ಬೆಳೆ ಬೆಳೆಯುವುದು ಹೊಟ್ಟೆಪಾಡು; ಬೆಳೆದವರು ತಿನ್ನಲೇಬೇಕೆಂದೇನೂ ಇಲ್ಲ.

ಕವಳದ ಜೊತೆ ಬರುವ ಇನ್ನೊಂದು ಸಂಗತಿ ಮಾತ್ರ ಬಂಗಾರದಂಥದ್ದು. ಅದು ಜಗಲಿಯ ಹತ್ತು ನಿಮಿಷ. ಬಂದವರ ಜೊತೆ ಕೂತು, ಅವಸರವಿಲ್ಲದೆ ಕೈಯಾಡಿಸುತ್ತ, ಊರ ಸುದ್ದಿ ಮಾತಾಡುವ ಆ ಹತ್ತು ನಿಮಿಷವನ್ನು ಉಳಿಸಿಕೊಂಡು ತಬಕಿನಲ್ಲಿ ಏಲಕ್ಕಿ, ಲವಂಗ ಇಟ್ಟರೂ ಆಗುತ್ತದೆ. ಏಲಕ್ಕಿಯೂ ಈ ಕಡೆಯ ತೋಟದ್ದೇ.

ಈಗ ಒಂದು ಪ್ರಯೋಗ, ಇದನ್ನು ಓದುತ್ತಲೇ ಮಾಡಬಹುದು. ಎಡಗೈ ಮಣಿಕಟ್ಟಿನ ಹೆಬ್ಬೆರಳ ಬದಿಗೆ ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನ ಉಸಿರೆಳೆಯಿರಿ, ಇನ್ನೂ ನಿಧಾನ ಬಿಡಿ. ನಾಲ್ಕೈದು ಉಸಿರಿನ ನಂತರ ಸೂಕ್ಷ್ಮವಾಗಿ ಗೊತ್ತಾಗುತ್ತದೆ: ಎಳೆದಾಗ ಬಡಿತ ಒತ್ತೊತ್ತಾಗಿ ಬರುತ್ತದೆ, ಬಿಟ್ಟಾಗ ದೂರದೂರವಾಗುತ್ತದೆ. ಉಸಿರು ಬಿಡುವಾಗ ವೇಗಸ್ ನರ ಹೃದಯಕ್ಕೆ ಬ್ರೇಕು ಹಾಕುತ್ತದೆ. ಎದೆಬಡಿತಕ್ಕೆ ‘ಇಳಿ’ ಎಂದು ಅಪ್ಪಣೆ ಕೊಡಲು ನಮಗೆ ಬರುವುದಿಲ್ಲ, ಉಸಿರನ್ನು ಉದ್ದ ಮಾಡಲು ಬರುತ್ತದೆ. ಹಿಂಬಾಗಿಲಿನಿಂದ ಒಳಹೋಗುವ ಉಪಾಯ ಇದು.

ಇಟಲಿಯ ಪಾವಿಯಾದ ಲುಚಿಯಾನೊ ಬೆರ್ನಾರ್ದಿ ಎಂಬ ವೈದ್ಯ 23 ಮಂದಿಯ ಕೈಯಲ್ಲಿ ಕ್ರೈಸ್ತರ ಜಪಸರದ ‘ಆವೆ ಮರಿಯಾ’ ಪ್ರಾರ್ಥನೆಯನ್ನೂ, ಬೌದ್ಧರ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿ ಉಸಿರಾಟ ಅಳೆದ. 2001ರ ಕೊನೆಗೆ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಫಲಿತಾಂಶ ಬಂತು. ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದ್ದವು. ಸಾಧಾರಣವಾಗಿ ನಾವು 12ರಿಂದ 20 ಸಲ ಉಸಿರಾಡುತ್ತೇವೆ. ನಿಮಿಷಕ್ಕೆ 6 ಎಂದರೆ 10 ಸೆಕೆಂಡಿಗೆ ಒಂದು ಉಸಿರು. ರಕ್ತದೊತ್ತಡ ತಾನೇ ಏರಿಳಿಯುವ ಒಂದು ಸಹಜ ಅಲೆಯೂ ಸರಿಸುಮಾರು 10 ಸೆಕೆಂಡಿನದೇ. ಎರಡೂ ತಾಳ ಕೂಡಿದಾಗ ರಕ್ತದೊತ್ತಡವನ್ನು ಹದದಲ್ಲಿಡುವ ನರವ್ಯವಸ್ಥೆ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತದೆ.

ನಮ್ಮ ಊರುಗಳ ಭಜನಾ ಮಂಡಳಿಗಳನ್ನು ಯಾರೂ ಹೀಗೆ ಅಳೆದದ್ದು ನನಗೆ ಕಂಡಿಲ್ಲ, ಆದರೆ ಊಹೆಗೇನೂ ಅಡ್ಡಿಯಿಲ್ಲ. ಸಾಲೊಂದನ್ನು ಎಳೆದು ಹಾಡಬೇಕಾದರೆ ಉಸಿರು ಬಿಡುವ ಹೊತ್ತು ಎಳೆಯುವ ಹೊತ್ತಿಗಿಂತ ಎರಡು ಮೂರು ಪಟ್ಟು ಉದ್ದವಾಗುತ್ತದೆ. ದೇವರ ಮೇಲೆ ನಂಬಿಕೆ ಇರಲಿ ಬಿಡಲಿ, ಧ್ವನಿ ಚೆನ್ನಾಗಿರಲಿ ಬಿಡಲಿ, ವೇಗಸ್ ನರ ಕೇಳುವುದಿಲ್ಲ. ಹಾಡುವುದೇ ಬೇಡ ಎನ್ನುವವರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪರೀಕ್ಷಿಸಿದ ಕ್ರಮವೊಂದಿದೆ: ಮೂಗಿನಿಂದ ಉಸಿರೆಳೆದು, ಅದರ ತುದಿಗೆ ಇನ್ನೊಂದು ಗುಟುಕು ಎಳೆದು, ಬಾಯಿಂದ ಉದ್ದಕ್ಕೆ ಬಿಡುವುದು. ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು. ನಿಟ್ಟುಸಿರನ್ನೇ ಬೇಕೆಂದು ಬಿಡುವುದು ಅನ್ನಿ. ಅದೇ ಹೊತ್ತು ಧ್ಯಾನ ಮಾಡಿದವರಿಗಿಂತ ಇವರ ಮನಸ್ಸಿನ ಉಲ್ಲಾಸ ಹೆಚ್ಚು ಸುಧಾರಿಸಿತ್ತು. ಮನೆಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ‘ಎಂಥ ಆಯ್ತು?’ ಎಂದು ಹೆದರುವ ನಮ್ಮ ಅಜ್ಜಿಯರಿಗೆ ಇದನ್ನು ಒಪ್ಪಿಸುವುದು ಕಷ್ಟ.

ನಡಿಗೆಯ ವಿಷಯಕ್ಕೆ ಬರುತ್ತೇನೆ. ಕುಪ್ಪಳಿಯ ಕವಿಶೈಲಕ್ಕೆ ಹತ್ತಿ ಸಂಜೆ ಕೂರುವುದು ಕುವೆಂಪು ಅವರಿಗೆ ಎಳೆವಯಸ್ಸಿನಿಂದ ಬಂದ ಅಭ್ಯಾಸ. ಈಗ ಬೆಂಗಳೂರಿನಿಂದ ಬಂದವರೂ ಅಲ್ಲಿ ಕೂತು ಹಗುರಾಗಿ ಹೋಗುತ್ತಾರೆ. ಜಪಾನಿನ ಅರಣ್ಯ ಇಲಾಖೆ 1982ರಲ್ಲೇ ‘ಕಾಡಿನ ಸ್ನಾನ’ ಎಂಬ ಹೆಸರಿಟ್ಟು ಜನರನ್ನು ಕಾಡಿಗೆ ಕರೆಯಿತು. ಸ್ಟ್ಯಾನ್‌ಫರ್ಡ್‌ನ ಗ್ರೆಗರಿ ಬ್ರಾಟ್‌ಮನ್ 2015ರಲ್ಲಿ ಕೆಲವರನ್ನು ಹಸಿರಿನ ನಡುವೆ, ಇನ್ನು ಕೆಲವರನ್ನು ವಾಹನ ದಟ್ಟಣೆಯ ರಸ್ತೆ ಬದಿಯಲ್ಲಿ 90 ನಿಮಿಷ ನಡೆಸಿದ. ಹಸಿರಲ್ಲಿ ನಡೆದವರಲ್ಲಿ ಒಂದೇ ಚಿಂತೆಯನ್ನು ಮೆಲುಕು ಹಾಕುವುದು ಕಡಿಮೆಯಾಗಿತ್ತು. ಅದಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ತುಸು ತಣ್ಣಗಾಗಿತ್ತು.

ಹಾಗಾದರೆ ವರ್ಷವಿಡೀ ಹಸಿರಲ್ಲೇ ಬದುಕುವ ತೀರ್ಥಹಳ್ಳಿಯ ರೈತನಿಗೆ ಒತ್ತಡವೇ ಇರಬಾರದಿತ್ತಲ್ಲ? ಇಲ್ಲೇ ನನಗೆ ಈ ಅಧ್ಯಯನಗಳ ಬಗ್ಗೆ ಸ್ವಲ್ಪ ತಕರಾರು. ಪ್ರವಾಸಿಗೆ ಹಸಿರು ಹಸಿರೇ. ತೋಟದ ಯಜಮಾನನಿಗೆ ಅದು ಲೆಕ್ಕದ ಪುಸ್ತಕ. ಸೋಗೆಯ ಮೇಲಿನ ಒಂದೊಂದು ಚುಕ್ಕೆಯೂ ಎಲೆಚುಕ್ಕೆ ರೋಗವೋ ಏನೋ ಎಂದು ಕಾಣುತ್ತದೆ, ಉದುರಿದ ಒಂದು ಹಸಿ ಅಡಿಕೆ ಕೊಳೆಯ ಮುನ್ಸೂಚನೆಯಂತೆ ಕಾಣುತ್ತದೆ. ತೋಟ ಸುತ್ತಿ ಬರುವುದು ಕೆಲಸ, ವಿಶ್ರಾಂತಿ ಅಲ್ಲ. ಆದ್ದರಿಂದ ಬೆಳೆಗಾರರಿಗೆ ನನ್ನ ಸಲಹೆ ತುಸು ವಿಚಿತ್ರವಾದದ್ದು: ನಡೆಯಿರಿ, ನಿಮ್ಮ ತೋಟದಲ್ಲಿ ಮಾತ್ರ ಬೇಡ. ಪಕ್ಕದ ಊರಿನ ರಸ್ತೆ, ಕೆರೆ ಏರಿ, ದೇವಸ್ಥಾನದ ದಾರಿ, ನಿಮಗೆ ಒಂದು ರೂಪಾಯಿಯ ಲಾಭನಷ್ಟವೂ ಇಲ್ಲದ ಹಸಿರು ಯಾವುದಾದರೂ ಆದೀತು. ಕಾನಿನೊಳಗೆ ಹೋಗುವವರು ಡಿಸೆಂಬರ್‌ನಿಂದ ಮೇ ತನಕ ಹುಷಾರಾಗಿರಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರ ಜೀವ ತೆಗೆಯಿತು. ಅದನ್ನು ದಾಟಿಸುವ ಉಣ್ಣೆಗಳು ಈ ತಿಂಗಳುಗಳಲ್ಲೇ ಹೆಚ್ಚು. ಮಂಗ ಸತ್ತ ಸುದ್ದಿ ಇರುವ ಕಡೆ ಕಾಡಿನ ನಡಿಗೆ ಬೇಡವೇ ಬೇಡ.

ಕೈಗೆಲಸಕ್ಕೂ ಒಂದು ಮಾತು ಸಲ್ಲಬೇಕು. ಕೊಯ್ಲಿನ ದಿನಗಳಲ್ಲಿ ರಾತ್ರಿ ಅಂಗಳದಲ್ಲಿ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದವರಿಗೆ ಅದು ಕೂಲಿ ಕೆಲಸ, ಸೊಂಟ ನೋವಿನ ಕೆಲಸ. ಅದನ್ನು ಹೊಗಳಿ ಕವನ ಬರೆಯುವ ಅಗತ್ಯವಿಲ್ಲ. ಸುಲಿಯುವ ಯಂತ್ರ ಬಂದದ್ದು ಒಳ್ಳೆಯದೇ. ಆದರೆ ಬೆರಳು ಒಂದೇ ಲಯದಲ್ಲಿ ಓಡುತ್ತಿರುವಾಗ ಬಾಯಿ ಬಿಚ್ಚಿಕೊಳ್ಳುತ್ತದೆ. ಎದುರಾಎದುರು ಕೂತು ಹೇಳಲಾಗದ ಅತ್ತೆಮನೆಯ ಕಷ್ಟ, ಗಂಡನ ಕುಡಿತ, ಮಗಳ ಮದುವೆಯ ಚಿಂತೆ ಸಿಪ್ಪೆಯ ರಾಶಿಯ ಜೊತೆ ಹೊರಬೀಳುತ್ತಿದ್ದವು. ಈ ಸೀಮೆಯ ದೀವರ ಹೆಂಗಸರ ಹಸೆ ಚಿತ್ತಾರವೂ ಅಂಥದ್ದೇ. ಭೂಮಿ ಹುಣ್ಣಿಮೆಗೆ ಮೊದಲು ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಎಳೆ ಎಳೆಯಾಗಿ ಗೆರೆ ಎಳೆಯುವಾಗ ಬೇರೆ ಯೋಚನೆಗೆ ಎಡೆಯಿರುವುದಿಲ್ಲ, ಗೆರೆ ಸೊಟ್ಟಗಾಗುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ 2016ರಲ್ಲಿ 39 ಜನರಿಗೆ ಮಣ್ಣು, ಬಣ್ಣ, ಕಾಗದ ಕೊಟ್ಟು 45 ನಿಮಿಷ ಏನಾದರೂ ಮಾಡಿ ಎಂದರು. ನಾಲ್ವರಲ್ಲಿ ಮೂವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಇಳಿದಿತ್ತು. ಚಿತ್ರ ಬರೆದು ರೂಢಿ ಇದ್ದವರಿಗೂ ಇಲ್ಲದವರಿಗೂ ಅದರಲ್ಲಿ ವ್ಯತ್ಯಾಸವಿರಲಿಲ್ಲ.

ಮಲಗುವ ಮುಂಚೆ ಮೊಬೈಲಿನಲ್ಲಿ ರಾಶಿ ಇಡಿ ಅಡಿಕೆಯ ರೇಟು ನೋಡುವ ಅಭ್ಯಾಸ ಇರುವವರು ಅದರ ಬದಲು ಒಂದು ಚೀಟಿ ಬರೆಯಬಹುದು. ಮೈಕಲ್ ಸ್ಕಲಿನ್ ಎಂಬ ನಿದ್ರಾ ಸಂಶೋಧಕ 2018ರಲ್ಲಿ 57 ಯುವಕ ಯುವತಿಯರ ಮೇಲೆ ಪರೀಕ್ಷೆ ಮಾಡಿದ. ಮಲಗುವ ಮೊದಲು 5 ನಿಮಿಷ ‘ಮುಂದೆ ಮಾಡಬೇಕಾದ ಕೆಲಸ’ ಬರೆದವರು, ‘ಮಾಡಿ ಮುಗಿಸಿದ ಕೆಲಸ’ ಬರೆದವರಿಗಿಂತ ಸುಮಾರು 9 ನಿಮಿಷ ಮುಂಚೆ ನಿದ್ದೆಹೋದರು. ಪಟ್ಟಿ ಸ್ಪಷ್ಟವಾದಷ್ಟೂ ನಿದ್ದೆ ಬೇಗ. ‘ತೋಟದ ಕೆಲಸ’ ಎಂದು ಬರೆದರೆ ಸಾಲದು. ‘ಕೊನೆಗಾರನಿಗೆ ಫೋನು. ಮೈಲುತುತ್ತ 5 ಕೆಜಿ. ಸೊಸೈಟಿ ಬಡ್ಡಿ. ಅಮ್ಮನ ಮಾತ್ರೆ’ ಎಂದು ಬರೆಯಬೇಕು. ತಲೆ ಹೊತ್ತುಕೊಂಡಿದ್ದನ್ನು ಕಾಗದ ಹೊತ್ತುಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇವುಗಳ ಗಡಿಯನ್ನೂ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ನೀರಿನಡಿ ಹೋದವು. ಎಬ್ಬಿಸಿ ಕಳಿಸಿದ ಎಷ್ಟೋ ಕುಟುಂಬಗಳು ಮೂರನೇ ತಲೆಮಾರಿನಲ್ಲೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಅವರಿಗೆ ‘ಉದ್ದ ಉಸಿರು ಬಿಡಿ’ ಎನ್ನುವುದು ಸಲಹೆಯಲ್ಲ, ಅವಮಾನ. ಆ ಒತ್ತಡದ ಮದ್ದು ಇರುವುದು ಕಂದಾಯ ಮತ್ತು ಅರಣ್ಯ ಇಲಾಖೆಗಳ ಕಡತದಲ್ಲಿ.

ಹಾಗೆಯೇ ಮನಸ್ಸಿನ ಕಾಯಿಲೆಗೆ ಬಿಸಿನೀರು, ಭಜನೆ ಸಾಲುವುದಿಲ್ಲ. ಶಿವಮೊಗ್ಗದ ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಇದನ್ನು ಜಿಲ್ಲೆಯ ಜನಕ್ಕೆ ದಶಕಗಳ ಕಾಲ ಲೇಖನ ಬರೆದು, ಸಿನಿಮಾ ಮಾಡಿ ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್ 2005ರ ಸುಮಾರಿಗೆ ತೀರ್ಥಹಳ್ಳಿ ತಾಲ್ಲೂಕನ್ನೇ ಆರಿಸಿಕೊಂಡು, ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಊರಲ್ಲೇ ಚಿಕಿತ್ಸೆ ಕೊಡುವ ಯೋಜನೆ ನಡೆಸಿತು. ಮಾತ್ರೆ ತಪ್ಪಿಸದೆ ತೆಗೆದುಕೊಂಡ ಬಹಳಷ್ಟು ಮಂದಿ ಮನೆಗೆಲಸಕ್ಕೆ, ತೋಟದ ಕೆಲಸಕ್ಕೆ ಮರಳಿದ್ದನ್ನು ಅವರ ತಂಡ ದಾಖಲಿಸಿದೆ. ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಎರಡು ವಾರ ಕಾಯುವುದು ಬೇಡ, ಆ ದಿನವೇ ಮನೆಯವರಿಗೆ ಹೇಳಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮನೆಯೊಳಗೆ ನೆಟ್‌ವರ್ಕ್ ಸಿಗದಿದ್ದರೆ ಗುಡ್ಡ ಹತ್ತಬೇಕು, ಅದು ಈ ಮೂರು ತಾಲ್ಲೂಕಿನವರಿಗೆ ಹೊಸದೇನಲ್ಲ.